ಹುಳುವಿನ ಬಲಗಡೆ

ರಾಜಾಜಿನಗರ

ನಾನು ಹಾಲೆಂಡಿಗೆ ಹೋದದ್ದು ಒಂದು ಚಟ್ನಿಪುಡಿ ಡಬ್ಬದ ತುಂಬ ಬಸವನಹುಳುಗಳ ಮೆದುಳು ತೆಗೆದುಕೊಂಡು. ಹೀಗೆ ಹೇಳಿದರೆ ತಮಾಷೆಯಂತೆ ಕೇಳಿಸುತ್ತದೆ. ಆದರೆ ಇದ್ದದ್ದು ಹಾಗೆಯೇ. ನಲವತ್ತು ಹುಳುಗಳು, ಒಂದೊಂದರ ಮೆದುಳಿನ ಎರಡು ಹೋಳು, ಒಟ್ಟು ಎಂಬತ್ತು ಪುಟ್ಟ ಗಾಜಿನ ಸೀಸೆಗಳು. ಪ್ರತಿ ಸೀಸೆಗೂ ಒಂದು ಚೀಟಿ. ಚೀಟಿಯ ಮೇಲೆ ಹುಳುವಿನ ಸಂಖ್ಯೆ, ಪಕ್ಕದಲ್ಲಿ ಎಡದ ಹೋಳಿಗೆ ‘ಎ’, ಬಲದ ಹೋಳಿಗೆ ‘ಬ’.

ಅವು ಕೆಂಗೇರಿ ಕೆರೆಯ ಹುಳುಗಳು. ಕೆರೆಯಂಚಿನ ಜೊಂಡಿಗೆ ಅಂಟಿಕೊಂಡಿರುವ, ಹೆಬ್ಬೆರಳಿನ ತುದಿಯಷ್ಟು ದೊಡ್ಡ, ತೆಳ್ಳನೆ ಕಂದು ಚಿಪ್ಪಿನವು. ಊರಿನವರು ಶಂಖದ ಹುಳ ಅನ್ನುತ್ತಾರೆ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ನಮ್ಮ ಪ್ರಯೋಗಶಾಲೆಯ ಅಟೆಂಡರ್ ಮರಿಯಪ್ಪನ ಮನೆ ಕೆಂಗೇರಿಯಲ್ಲೇ. ಎರಡು ವರ್ಷ, ಭಾನುವಾರಗಳಲ್ಲಿ, ಇಬ್ಬರೂ ಚಹಾ ಸೋಸುವ ಜಾಲರಿ ಹಿಡಿದು ಆ ಕೆರೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೇವೆ.

ಹೊರಡುವ ದಿನದವರೆಗೂ ನಮ್ಮ ಅತ್ತೆಯವರಿಗೆ ಪ್ರಯಾಣದ ಉದ್ದೇಶ ಒಪ್ಪಿಗೆಯಾಗಲಿಲ್ಲ.

“ಅಲ್ವೇ ಪ್ರಭಾ, ಹುಳ ನೋಡಕ್ಕೆ ಅಷ್ಟು ದೂರ ಹೋಗ್ಬೇಕಾ? ನಮ್ ಹಿತ್ತಲ ಕಲ್ಲಿನ್ ಕೆಳಗೇ ಬೇಕಾದಷ್ಟಿದಾವೆ.”

“ಅವು ಬೇರೆ ಅಮ್ಮ. ಇವು ನೀರಿನವು.”

“ನೀರಿನವಾದ್ರೂ ಹುಳಾನೇ ಕಣೇ.”

ಎದುರು ಮನೆಯ ಸರೋಜಾ ಆಂಟಿ ಗೇಟಿಗೆ ಒರಗಿಕೊಂಡು, “ಪ್ರಭಾ ಮೇಡಂ ಬಸವೇಶ್ವರನಗರದಲ್ಲಿ ಸೈಟ್ ತಗೋತಾರೆ ಅನ್ಕೊಂಡಿದ್ದೆ, ಬಸವನಹುಳ ತಗೊಂಡು ಹೊರಟ್ರಲ್ಲಪ್ಪ” ಎಂದರು. ನನ್ನ ಗಂಡ ಶ್ರೀಕಂಠ ನಕ್ಕು ಪೆಟ್ಟಿಗೆಗೆ ಹಗ್ಗ ಬಿಗಿದರು.

ವಿಷಯ ಇಷ್ಟು. ದೇಹದಲ್ಲಿ ಸುದ್ದಿ ಕಳಿಸಲು ನರ ಒಂದು ದಾರಿ, ರಕ್ತದಲ್ಲಿ ಹರಿಯುವ ಹಾರ್ಮೋನು ಇನ್ನೊಂದು ಎಂದು ನಾವು ಪಾಠ ಮಾಡುತ್ತೇವೆ. ಬಸವನಹುಳುವಿನಲ್ಲಿ ಎರಡೂ ಒಂದೇ ಕಡೆ ಕೂಡಿವೆ. ಅದರ ಮೆದುಳಿನ ಕೆಲವು ನರಕೋಶಗಳೇ ಹಾರ್ಮೋನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಒಂದು ಗುಂಪು ಹುಳುವನ್ನು ಬೆಳೆಸುತ್ತದೆ, ಇನ್ನೊಂದು ಗುಂಪು ಮೊಟ್ಟೆ ಇಡಿಸುತ್ತದೆ. ಮೊಟ್ಟೆ ಇಡಿಸುವ ಈ ಕೋಶಗಳು ಎರಡೂ ಹೋಳುಗಳಲ್ಲಿವೆ, ಆದರೆ ಸಮನಾಗಿ ಅಲ್ಲ. ಹಾಲೆಂಡಿನ ಕೊಳದ ಹುಳುವಿನಲ್ಲಿ ಬಲಗಡೆಯ ಗುಂಪು ದೊಡ್ಡದು. ಅದನ್ನು ಅಲ್ಲಿನವರು ಮೊದಲೇ ಕಂಡುಕೊಂಡಿದ್ದರು. ಕೆಂಗೇರಿಯದರಲ್ಲಿ ಹೇಗಿದೆ ಎಂದು ನೋಡಲು ನಮ್ಮಲ್ಲಿ ಆ ಬಣ್ಣಗಳೂ ಇರಲಿಲ್ಲ, ಅಷ್ಟು ತೆಳ್ಳಗೆ ಕೊಯ್ಯುವ ಯಂತ್ರವೂ ಇರಲಿಲ್ಲ. ನಾನು ಬರೆದ ಒಂದು ಪತ್ರಕ್ಕೆ ಅಲ್ಲಿನ ಪ್ರೊಫೆಸರು, ತಂದು ನೋಡಿ ಎಂದು ಉತ್ತರ ಬರೆದಿದ್ದರು.

ನಮ್ಮ ಪ್ರಿನ್ಸಿಪಾಲರು ಆರು ತಿಂಗಳ ರಜಾ ಕೊಟ್ಟರು. “ನೋಡಮ್ಮ, ಹೊಸದೇನಾದ್ರೂ ಸಿಕ್ಕಿದ್ರೆ ಅವರ ಕೈಲಿ ಒಂದು ಕಾಗ್ದ ಬರೆಸು, ಇನ್ನೊಂದು ವರ್ಷ ಕೊಡ್ತೀನಿ. ಇಲ್ದಿದ್ರೆ ಜುಲೈಗೆ ಬಂದು ಪಿಯುಸಿ ಕ್ಲಾಸ್ ತಗೋ.” ಆ ಇನ್ನೊಂದು ವರ್ಷ ಸಿಕ್ಕಿದರೆ ಅಲ್ಲೇ ಡಾಕ್ಟರೇಟ್ ಮುಗಿಸಬಹುದಿತ್ತು. ಸಿಗದಿದ್ದರೆ ನನ್ನ ವಯಸ್ಸಿಗೆ, ನಮ್ಮ ಕಾಲೇಜಿನಲ್ಲಿ, ಅದು ಮತ್ತೆ ಬರುವ ಅವಕಾಶವಲ್ಲ. ಇದು ನನಗೂ ಶ್ರೀಕಂಠರಿಗೂ ಗೊತ್ತಿತ್ತು. ಬಾಯಿಬಿಟ್ಟು ಮಾತಾಡಿರಲಿಲ್ಲ.

ಸುಂಕದ ಕಟ್ಟೆ

ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ ಈಗ ಸುಂಕ ಕೇಳುವವರು ಯಾರೂ ಇಲ್ಲ. ಆಂಸ್ಟರ್‌ಡ್ಯಾಮಿನ ವಿಮಾನ ನಿಲ್ದಾಣದಲ್ಲಿ ಇದ್ದರು. ಎತ್ತರದ, ಕೆಂಪು ಮೀಸೆಯ ಅಧಿಕಾರಿ ನನ್ನ ಡಬ್ಬ ತೆರೆದು ಹತ್ತಿ ಸರಿಸಿದ. ಸೀಸೆಗಳನ್ನು ನೋಡಿದ.

“ಇದರಲ್ಲಿ ಏನಿದೆ?”

“ಮೆದುಳು,” ಎಂದೆ. ಕೇಳಿದ್ದಕ್ಕೆ ನೇರವಾಗಿ ಉತ್ತರ ಹೇಳಬೇಕು ಎಂದು ವಿಮಾನದಲ್ಲಿ ಪಕ್ಕ ಕೂತವರು ಹೇಳಿಕೊಟ್ಟಿದ್ದರು.

ಅವನು ಡಬ್ಬವನ್ನು ಮೆಲ್ಲನೆ ಮೇಜಿನ ಮೇಲಿಟ್ಟ. “ಯಾರದು?”

“ಬಸವನಹುಳುವಿನದು.”

ಅವನು ಇನ್ನೊಬ್ಬನನ್ನು ಕರೆದ. ಇಬ್ಬರೂ ತಮ್ಮ ಭಾಷೆಯಲ್ಲಿ ಮಾತಾಡಿಕೊಂಡರು. ಎರಡನೆಯವನು ಡಬ್ಬದ ಮುಚ್ಚಳ ಮೂಸಿ ನೋಡಿದ. ಅದರಲ್ಲಿ ಹತ್ತು ವರ್ಷದ ಇಂಗು, ಒಣಮೆಣಸಿನಕಾಯಿಯ ಘಾಟು ಇತ್ತು. ಅವನಿಗೆ ಸೀನು ಬಂತು. ಒಂದರ ಹಿಂದೆ ಒಂದು, ಐದು ಸಲ. ಮೊದಲನೆಯವನು ನಗು ತಡೆದುಕೊಂಡು ಪ್ರೊಫೆಸರರ ಪತ್ರ ಓದಿ, ಡಬ್ಬ ಮುಚ್ಚಿ, ಎರಡೂ ಕೈಯಲ್ಲಿ ನನಗೆ ಕೊಟ್ಟ. ಹಾಗೆ ಎರಡು ಕೈಯಲ್ಲಿ ಕೊಟ್ಟದ್ದು ಹಿತವಾಯಿತು.

ಪರದೆ ಎಳೆಯದ ಮನೆ

ಪ್ರಯೋಗಶಾಲೆಯಿದ್ದ ಊರು ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ. ಕಾಲುವೆಯ ಪಕ್ಕದ ಒಂದು ಮನೆಯ ಮಹಡಿಯಲ್ಲಿ ನನಗೆ ಕೋಣೆ. ಮನೆಯೊಡತಿ ಶ್ರೀಮತಿ ಬಕ್ಕರ್, ಅರವತ್ತು ದಾಟಿದ ವಿಧವೆ.

ಆ ಊರಿನ ಮನೆಗಳ ಕಿಟಕಿಗಳು ಬಾಗಿಲಿನಷ್ಟು ದೊಡ್ಡವು. ಸಂಜೆ ದೀಪ ಹಚ್ಚಿದ ಮೇಲೂ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ನಡೆಯುವವರಿಗೆ ಒಳಗೆ ಕೂತು ಆಲೂಗಡ್ಡೆ ತಿನ್ನುವವರು, ಪತ್ರಿಕೆ ಓದುವವರು ಎಲ್ಲ ಕಾಣುತ್ತಾರೆ. ಆದರೆ ಯಾರೂ ತಿರುಗಿ ನೋಡುವುದಿಲ್ಲ. ರಾಜಾಜಿನಗರದಲ್ಲಿ ನಮ್ಮ ಕಿಟಕಿಗೆ ಸರಳು, ಸರಳಿಗೆ ಪರದೆ, ಬಾಗಿಲು ಮಾತ್ರ ಬೆಳಗಿನಿಂದ ಹಾರುಹೊಡೆದಿರುತ್ತದೆ. ಇಲ್ಲಿ ಬಾಗಿಲು ಸದಾ ಮುಚ್ಚಿರುತ್ತದೆ, ಕಿಟಕಿ ತೆರೆದಿರುತ್ತದೆ. ನಾನು ಮೊದಲ ವಾರ ಅಭ್ಯಾಸಬಲದಿಂದ ಪರದೆ ಎಳೆದೆ. ಶ್ರೀಮತಿ ಬಕ್ಕರ್ ಮೇಲೆ ಬಂದು ಬಾಗಿಲು ತಟ್ಟಿ, ಮೈ ಹುಷಾರಿಲ್ಲವೇ ಎಂದು ವಿಚಾರಿಸಿದರು.

ಅವರ ಹುಟ್ಟುಹಬ್ಬಕ್ಕೆ ಬಂಧುಗಳೆಲ್ಲ ಬಂದಿದ್ದರು. ಬಂದ ಪ್ರತಿಯೊಬ್ಬರೂ ನನ್ನ ಕೈಕುಲುಕಿ ಅಭಿನಂದನೆ ಹೇಳಿದರು. ಹುಟ್ಟಿದ ದಿನ ನನ್ನದಲ್ಲ, ಅವರದು ಎಂದು ನಾನು ಒಬ್ಬೊಬ್ಬರಿಗೂ ವಿವರಿಸಿದೆ. ಏಳನೆಯವರು, ಗೊತ್ತು, ನೀವು ಅದೇ ಮನೆಯವರಲ್ಲವೇ, ಅದಕ್ಕೇ ನಿಮಗೂ ಅಭಿನಂದನೆ ಎಂದರು. ಅಲ್ಲಿಗೆ ಸುಮ್ಮನಾದೆ. ಆ ದಿನ ನನಗೆ ಎಷ್ಟು ಸಂತೋಷವಾಯಿತೆಂದು ಯಾರಿಗೂ ಹೇಳಲಿಲ್ಲ.

ನೆಲಮಾಳಿಗೆಯ ತೊಟ್ಟಿಗಳು

ಪ್ರಯೋಗಶಾಲೆಯ ಹುಳುಗಳು ನೆಲಮಾಳಿಗೆಯಲ್ಲಿದ್ದವು. ಉದ್ದನೆಯ ತೊಟ್ಟಿಗಳು, ಅವುಗಳಲ್ಲಿ ಸದಾ ಹರಿಯುವ ತಣ್ಣನೆ ನೀರು, ದಿನಕ್ಕೊಂದು ಬುಟ್ಟಿ ಲೆಟ್ಯೂಸ್ ಎಂಬ ಸೊಪ್ಪು. ನೋಡಿಕೊಳ್ಳುತ್ತಿದ್ದವನು ವಿಲ್ಲೆಮ್. ಐವತ್ತು ವರ್ಷದ ಹಿರಿಯ ತಂತ್ರಜ್ಞ. ಮಾತು ಕಡಿಮೆ. ನನಗೆ ಕೊಯ್ಯುವುದು, ಬಣ್ಣ ಹಾಕುವುದು ಎಲ್ಲ ಕಲಿಸಿದವನು ಅವನೇ.

ಅವನು ಮೊದಲ ವಾರ ತೋರಿಸಿದ ಒಂದು ಸಂಗತಿ ಹೇಳಬೇಕು. ಹುಳುಗಳನ್ನು ಕೆಲವು ದಿನ ನೀರು ಬದಲಿಸದೆ ಬಿಡುತ್ತಾರೆ. ಆಮೇಲೆ ಒಮ್ಮೆಲೇ ತಿಳಿನೀರಿಗೆ ಹಾಕುತ್ತಾರೆ. ಮೆದುಳಿನ ಆ ಕೋಶಗಳು ಎಚ್ಚೆತ್ತು ಹಾರ್ಮೋನು ಬಿಡುತ್ತವೆ. ಹುಳು ಮೊದಲು ಸುಮ್ಮನೆ ನಿಲ್ಲುತ್ತದೆ. ಬಹಳ ಹೊತ್ತು ನಿಲ್ಲುತ್ತದೆ. ಆಮೇಲೆ ಮೆಲ್ಲಗೆ ತಿರುಗುತ್ತ ಗಾಜನ್ನು ಬಾಯಿಂದ ಉಜ್ಜಿ ಸ್ವಚ್ಛ ಮಾಡುತ್ತದೆ. ಜಾಗ ಸ್ವಚ್ಛವಾದ ಮೇಲೆ ಅಲ್ಲಿ ಮೊಟ್ಟೆಗಳ ಒಂದು ತಿಳಿ ಲೋಳೆಯ ಸಾಲು ಇಡುತ್ತದೆ.

“ನಮ್ಮ ಬೀದಿಯಲ್ಲಿ ಎರಡು ದಿನ ನಲ್ಲಿ ಬಾರದೆ ಮೂರನೆಯ ದಿನ ಬಂದಾಗಲೂ ಹೀಗೆಯೇ,” ಎಂದೆ. “ಹೆಂಗಸರೆಲ್ಲ ಮೊದಲು ಬಾಗಿಲು ತೊಳೆಯುತ್ತಾರೆ.”

ವಿಲ್ಲೆಮ್ ಸ್ವಲ್ಪ ಯೋಚಿಸಿ, “ಮೊಟ್ಟೆ?” ಎಂದು ಕೇಳಿದ.

“ಇಲ್ಲ, ರಂಗೋಲಿ.”

ರಂಗೋಲಿ ಎಂದರೇನು ಎಂದು ಬಿಡಿಸಿ ಹೇಳುವಷ್ಟರಲ್ಲಿ ಹತ್ತೂವರೆಯ ಕಾಫಿಗೆ ಗಂಟೆಯಾಯಿತು. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬ ಮುಚ್ಚುವುದು ಅಲ್ಲಿನ ಪದ್ಧತಿ. ನಮ್ಮಲ್ಲಿ ತಟ್ಟೆ ಖಾಲಿಯಾದರೆ ಅವಮಾನ, ಅವರಲ್ಲಿ ಡಬ್ಬ ತೆರೆದೇ ಇದ್ದರೆ ಅವಮಾನವೋ ಏನೋ.

ಎರಡು ತಿಂಗಳು ನಾನು ಅವರ ಹುಳುಗಳ ಮೇಲೆ ಕೈ ಪಳಗಿಸಿದೆ. ಅವರ ಕ್ರಮದಲ್ಲಿ ಹುಳುವನ್ನು ಮೇಣದ ತಟ್ಟೆಯ ಮೇಲೆ ಬೆನ್ನು ಮೇಲಾಗಿ, ತಲೆ ಆಚೆಗಾಗಿ ಚುಚ್ಚಿಟ್ಟು, ಬೆನ್ನಿನ ಕಡೆಯಿಂದ ಬಿಡಿಸಿ ಮೆದುಳು ತೆಗೆಯುತ್ತಾರೆ. ಬಲಗಡೆ ದೊಡ್ಡ ಗುಂಪು ಅವರು ಹೇಳಿದ ಹಾಗೆಯೇ ಕಂಡಿತು. ಆಮೇಲೆ ಕೆಂಗೇರಿಯ ಸೀಸೆಗಳನ್ನು ಹೊರತೆಗೆದೆ.

ಮೊದಲ ಹುಳುವಿನ ‘ಬ’ ಸೀಸೆಯ ಹೋಳಿನಲ್ಲಿ ಗುಂಪು ಚಿಕ್ಕದಿತ್ತು. ‘ಎ’ಯಲ್ಲಿ ದೊಡ್ಡದು. ಎರಡನೆಯ ಹುಳುವಿನಲ್ಲೂ ಹಾಗೆಯೇ. ಹನ್ನೆರಡು ಹುಳುಗಳಾಗುವವರೆಗೆ ಯಾರಿಗೂ ಹೇಳಲಿಲ್ಲ. ಹನ್ನೆರಡರಲ್ಲೂ ಎಡಗಡೆಯೇ ದೊಡ್ಡದು.

ಪ್ರೊಫೆಸರು ಕೆಳಗೆ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ತೆಳ್ಳನೆಯ, ಯಾವಾಗಲೂ ಒಂದೇ ಬೂದು ಸ್ವೆಟರಿನ ಮನುಷ್ಯ. ಎಷ್ಟೋ ಹೊತ್ತು ನೋಡಿದರು.

“ಎಡ, ಬಲ ಸರಿಯಾಗಿದೆ ಎಂದು ನಿಮಗೆ ಖಾತ್ರಿಯೇ?”

“ಖಾತ್ರಿ,” ಎಂದೆ. “ಪ್ರತಿ ಸೀಸೆಗೂ ಅಲ್ಲೇ, ಆಗಲೇ ಚೀಟಿ ಅಂಟಿಸಿದ್ದೇನೆ.”

ಅದು ನಿಜ. ಚೀಟಿಯ ವಿಷಯದಲ್ಲಿ ನಾನು ಯಾವತ್ತೂ ಉದಾಸೀನ ಮಾಡಿದವಳಲ್ಲ.

ಹತ್ತಿರದ ಬಳಗದ ಎರಡು ಹುಳುಗಳಲ್ಲಿ ಈ ಕೋಶಗಳು ಬದಿ ಬದಲಿಸಿದ್ದರೆ ಅದು ದೊಡ್ಡ ಸಂಗತಿ. ಎರಡು ವಾರ ಬಿಟ್ಟು ಶುಕ್ರವಾರದ ಸೆಮಿನಾರಿನಲ್ಲಿ ಎಲ್ಲರ ಮುಂದೆ ಹೇಳಿ, ನಿಮ್ಮ ಪ್ರಿನ್ಸಿಪಾಲರಿಗೆ ಒಂದು ವರ್ಷದ ಬಗ್ಗೆ ನಾನು ಬರೆಯುತ್ತೇನೆ ಎಂದು ಪ್ರೊಫೆಸರು ಹೇಳಿದರು. ಅಂದು ಕಾಲುವೆಯ ಪಕ್ಕ ನಡೆಯುತ್ತ ನಾನು ಇಡೀ ದಾರಿ ಗುನುಗಿಕೊಂಡು ಹೋದೆ. ಎದುರು ಬಂದವರು ನೋಡಲಿಲ್ಲ. ಅವರು ನೋಡುವವರೇ ಅಲ್ಲವಲ್ಲ.

ವಿಲ್ಲೆಮ್‌ನ ಮೇಜು

ಸೆಮಿನಾರಿಗೆ ಒಂಬತ್ತು ದಿನವಿತ್ತು. ಬೆಳಗಿನ ಕಾಫಿ ಕುಡಿಯುತ್ತ ವಿಲ್ಲೆಮ್‌ನ ಮೇಜಿನ ಹತ್ತಿರ ನಿಂತಿದ್ದೆ. ಅವನ ಕಾಗದಗಳು ಹಾರದಂತೆ ಒಂದು ಶಂಖ ಇಟ್ಟಿದ್ದ. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಅವನ ತಂದೆ ಮದರಾಸಿನಿಂದ ತಂದದ್ದಂತೆ.

“ನಿಮ್ಮಲ್ಲಿ ಇದನ್ನು ಪೂಜೆ ಮಾಡುತ್ತಾರಲ್ಲವೇ?”

“ಮಾಡುತ್ತಾರೆ. ಆದರೆ ಇದು ಸಾಮಾನ್ಯದ್ದು, ಎಡಮುರಿ. ಬಲಮುರಿ ಸಿಗುವುದು ಅಪರೂಪ. ಸಿಕ್ಕಿದವರು ಬೆಳ್ಳಿ ಕಟ್ಟಿಸಿ ಇಟ್ಟುಕೊಳ್ಳುತ್ತಾರೆ.”

ವಿಲ್ಲೆಮ್ ಶಂಖ ಎತ್ತಿ ನೋಡಿದ. “ಎಡ ಅಲ್ಲ. ಇದು ಬಲಕ್ಕೆ ಸುತ್ತಿದ್ದು. ಅಪರೂಪದ್ದು ಎಡಕ್ಕೆ ಸುತ್ತಿರುತ್ತದೆ.”

“ಇಲ್ಲ ವಿಲ್ಲೆಮ್, ಇದೇ ಎಡಮುರಿ. ಬಾಯಿ ಎಡಕ್ಕಿದೆಯಲ್ಲ.”

“ಬಾಯಿ ಬಲಕ್ಕಿದೆ.”

ಅವನು ಹಿಡಿದು ತೋರಿಸಿದ. ಚೂಪಾದ ಸುರುಳಿ ಮೇಲೆ, ಬಾಯಿ ಕೆಳಗೆ. ಬಾಯಿ ಬಲಕ್ಕಿತ್ತು. ನಾನು ಅವನ ಕೈಯಿಂದ ತೆಗೆದುಕೊಂಡು ಹಿಡಿದೆ. ಸುರುಳಿಯ ತುದಿ ಕೆಳಗೆ ಅಂಗೈ ಕಡೆ, ಬಾಯಿ ಮೇಲಾಗಿ ನನ್ನ ಮುಖದ ಕಡೆ. ದೇವರ ಮುಂದೆ ಶಂಖದಲ್ಲಿ ನೀರು ತುಂಬಿಸಲು ಹಿಡಿಯುವ ಹಾಗೆ. ಬಾಯಿ ಎಡಕ್ಕಿತ್ತು. ಇಬ್ಬರೂ ನಕ್ಕೆವು. ನಮ್ಮ ಬಲಮುರಿಯನ್ನು ಪ್ರಾಣಿಶಾಸ್ತ್ರದ ಪುಸ್ತಕಗಳು ಎಡಸುತ್ತು ಎನ್ನುತ್ತವೆಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೈಗೆ ಮಾತ್ರ ಅದು ತಿಳಿದಿರಲಿಲ್ಲ.

ನಗುತ್ತಲೇ ನನ್ನ ಬೆಂಚಿಗೆ ಹಿಂತಿರುಗಿ, ಗಾಜಿನ ಪಾತ್ರೆಯಿಂದ ಒಂದು ಹುಳು ಎತ್ತಿದೆ. ಅದನ್ನು ಮೇಣದ ತಟ್ಟೆಗೆ ಇಡುವ ಮೊದಲು ಕೈ ನೋಡಿದೆ.

ಸುರುಳಿ ಕೆಳಗಿತ್ತು. ಬಾಯಿ ನನ್ನ ಕಡೆಗಿತ್ತು. ಚಿಪ್ಪಿನೊಳಗಿಂದ ಹೊರಬಂದ ಹುಳುವಿನ ಪಾದ, ಅಂದರೆ ಅದರ ಹೊಟ್ಟೆಯ ಕಡೆ, ನನಗೆ ಎದುರಾಗಿತ್ತು.

ನಾನು ಕೂತುಬಿಟ್ಟೆ.

ಬೆಂಗಳೂರಿನಲ್ಲಿ ನಮಗೆ ಮೇಣದ ತಟ್ಟೆ ಇರಲಿಲ್ಲ. ಹುಳುವನ್ನು ಬೆರಳುಗಳ ನಡುವೆ ಹಿಡಿದು, ಭೂತಗನ್ನಡಿಯ ಕೆಳಗೆ, ನನಗೆ ಎದುರಾದ ಕಡೆಯಿಂದಲೇ ಬಿಡಿಸುತ್ತಿದ್ದೆ. ಎಡಗೈ ಕಡೆ ಬಂದ ಹೋಳು ‘ಎ’ ಸೀಸೆಗೆ. ಬಲಗೈ ಕಡೆಯದು ‘ಬ’ ಸೀಸೆಗೆ. ಆದರೆ ಎದುರು ಕೂತವರ ಬಲಗೈ ನಮ್ಮ ಎಡಕ್ಕಲ್ಲವೇ ಇರುವುದು. ನಾನು ಹಾಗೆ ಹಿಡಿದಿದ್ದರೆ ನಲವತ್ತು ಹುಳುಗಳ ಎಂಬತ್ತು ಚೀಟಿಗಳೂ ತಿರುಗುಮುರುಗು. ಎಡಗಡೆಯ ಆ ದೊಡ್ಡ ಗುಂಪು ಎಲ್ಲೂ ಇಲ್ಲ. ಇರುವುದು ಬಲಗಡೆಯೇ, ಹಾಲೆಂಡಿನ ಹುಳುವಿನ ಹಾಗೆಯೇ.

ಹುಳುವನ್ನು ಮತ್ತೆ ನೀರಿಗೆ ಬಿಟ್ಟೆ. ವಿಲ್ಲೆಮ್ ಆ ಕಡೆಯಿಂದ, ಕಾಫಿ ತಣ್ಣಗಾಗುತ್ತದೆ ಎಂದ.

ಅಂಚೆ ಕಚೇರಿ

ಆದರೆ ನಾನು ನಿಜವಾಗಿ ಹಾಗೆ ಹಿಡಿಯುತ್ತಿದ್ದೆನೇ? ಇಲ್ಲಿ ಎತ್ತಿದ್ದು ಶಂಖದ ಮಾತು ತಲೆಯಲ್ಲಿದ್ದಾಗ. ಅಲ್ಲಿ ಎರಡು ವರ್ಷ ಹೇಗೆ ಹಿಡಿದೆ ಎಂದು ನೆನಪು ಮಾಡಿಕೊಂಡಷ್ಟೂ ಎರಡೂ ರೀತಿ ನಿಜವೆನಿಸುತ್ತಿತ್ತು. ನನ್ನ ಟಿಪ್ಪಣಿಯ ಪುಸ್ತಕದಲ್ಲಿ ದಿನ ಬರೆದಿದ್ದೆ, ಬಿಸಿಲು ಮೋಡ ಬರೆದಿದ್ದೆ, ಕೆರೆಯ ನೀರಿನ ಬಣ್ಣ ಬರೆದಿದ್ದೆ. ಹುಳುವನ್ನು ಹೇಗೆ ಹಿಡಿದೆ ಎಂದು ಬರೆದಿರಲಿಲ್ಲ. ಬರೆಯಬೇಕಾದ ಸಂಗತಿ ಅಂತಲೇ ತೋಚಿರಲಿಲ್ಲ.

ಇನ್ನೊಂದನ್ನೂ ಇಲ್ಲಿ ಹೇಳಿಬಿಡಬೇಕು. ಆ ಇಡೀ ಮಧ್ಯಾಹ್ನ, ನಾನು ಬಾಯಿ ಬಿಡದಿದ್ದರೆ ಇದು ಯಾರಿಗೂ ತಿಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೋಳುಗಳು ಬೇರೆಬೇರೆ ಸೀಸೆಯಲ್ಲಿದ್ದವು. ಚೀಟಿ ಬಿಟ್ಟರೆ ಅವಕ್ಕೆ ಬೇರೆ ಸಾಕ್ಷಿ ಇರಲಿಲ್ಲ. ಕೆಂಗೇರಿಗೆ ಹೋಗಿ ಹುಳು ಹಿಡಿದು ನೋಡುವವರು ಹಾಲೆಂಡಿನಲ್ಲಿ ಯಾರಿದ್ದಾರೆ? ಒಂದು ವರ್ಷದ ರಜೆ, ಡಾಕ್ಟರೇಟ್. ಅಷ್ಟು ಯೋಚನೆ ಮಾಡಿದೆ. ಅದನ್ನು ಅಲ್ಲಿಗೇ ಬಿಟ್ಟೆ ಎಂದು ಹೇಳಲಾರೆ. ಅಂಚೆ ಕಚೇರಿಯವರೆಗೂ ಅದು ನನ್ನ ಜೊತೆಗೇ ಬಂತು.

ಟ್ರಂಕ್ ಕಾಲ್ ಬುಕ್ ಮಾಡಿ ಎರಡು ಗಂಟೆ ಬೆಂಚಿನ ಮೇಲೆ ಕೂತೆ. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಸರೋಜಾ ಆಂಟಿಯ ಮನೆಯಲ್ಲಿತ್ತು. ಅವರು ಶ್ರೀಕಂಠರನ್ನು ಕೂಗಿ ಕರೆದದ್ದು ನನಗಿಲ್ಲಿ ಕೇಳಿಸಿತು.

“ಹಲೋ ಪ್ರಭಾ? ಏನಾಯ್ತು? ಆರೋಗ್ಯವಾಗಿದೀಯಾ?”

“ಆರೋಗ್ಯವಾಗಿದೀನಿ. ಕೇಳಿ, ಮರಿಯಪ್ಪನ ಕೈಗೆ ಒಂದು ಹುಳ ಕೊಡ್ಬೇಕು.”

“ಏನ್ ಕೊಡ್ಬೇಕು?”

“ಹುಳ. ಶಂಖದ ಹುಳ. ಕೆರೇದು.”

“ಜೋರಾಗ್ ಮಾತಾಡೇ. ಹುಳ ಅಂದ್ಯಾ?”

ಹಿಂದಿನಿಂದ ಸರೋಜಾ ಆಂಟಿಯ ದನಿ: “ಹುಳ ಅಂತೆ ಕಣ್ರೀ. ಅಲ್ಲೂ ಅದೇ.”

“ಮರಿಯಪ್ಪನ ಕೈಲಿ ಕೊಟ್ಟು, ಮೇಡಂ ಮೆದುಳು ತೆಗೆಯೋವಾಗ ಹೆಂಗ್ ಹಿಡೀತಿದ್ರು ತೋರ್ಸು ಅನ್ನಿ. ನೀವು ಏನೂ ಹೇಳ್ಕೊಡ್ಬೇಡಿ. ಹಿಂಗಾ ಹಂಗಾ ಅಂತಾನೂ ಕೇಳ್ಬೇಡಿ. ಅವನು ಹೆಂಗ್ ಹಿಡೀತಾನೆ ನೋಡ್ಕೊಂಡು ಟೆಲಿಗ್ರಾಂ ಕೊಡಿ. ಚೂಪು ತುದಿ ಮೇಲಾ ಕೆಳಗಾ, ಬಾಯಿ ಯಾವ್ ಕಡೆ.”

“ಇದಕ್ಕೆ ಟ್ರಂಕ್ ಕಾಲಾ?”

“ಇದಕ್ಕೇ.”

ಅವರು ಬೇರೆ ದನಿಯಲ್ಲಿ, “ಸರಿ, ನಾಳೇನೇ ಹೋಗ್ತೀನಿ. ನೀನು ಊಟ ಮಾಡು” ಎಂದರು. ಮೂರು ನಿಮಿಷ ಮುಗಿಯಿತು.

ಐದು ದಿನ ನಾನು ಎಂದಿನಂತೆ ಕೆಲಸ ಮಾಡಿದೆ. ಸೆಮಿನಾರಿನ ಚಿತ್ರ ಬರೆಯಲು ವಿಲ್ಲೆಮ್ ಕಾಗದ ತಂದುಕೊಟ್ಟಾಗ, ಇನ್ನೂ ಸ್ವಲ್ಪ ನೋಡುವುದಿದೆ ಎಂದೆ. ಆರನೆಯ ದಿನ ಶ್ರೀಮತಿ ಬಕ್ಕರ್ ಟೆಲಿಗ್ರಾಂ ಹಿಡಿದು ಮೆಟ್ಟಿಲು ಹತ್ತಿ ಬಂದರು. ಸಾವಿನ ಸುದ್ದಿಯೇನೋ ಎಂದು ಅವರ ಮುಖ ಬಿಳುಚಿತ್ತು. ನಾನು ಓದುವವರೆಗೂ ನನ್ನ ತೋಳು ಹಿಡಿದುಕೊಂಡಿದ್ದರು. ಟೆಲಿಗ್ರಾಂ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಅದು ಇಷ್ಟು: ತುದಿ ಕೆಳಗೆ. ಬಾಯಿ ನಮ್ಮ ಕಡೆ. ಬೇರೆ ಹೇಗೆ ಹಿಡಿಯುವುದು ಎಂದು ಮರಿಯಪ್ಪ ಕೇಳುತ್ತಾನೆ.

ಮರಿಯಪ್ಪ ನನ್ನನ್ನು ನೋಡಿ ಕಲಿತವನು. ನಾನು ಆ ಹಿಡಿತ ಕಲಿತದ್ದು ದೇವರ ಮುಂದೆ, ಶಂಖ ಹಿಡಿದು.

ಬೂದು ಸ್ವೆಟರು

ಪ್ರೊಫೆಸರರ ಕೋಣೆಯಲ್ಲಿ, ಅವರ ಮೇಜಿನ ಮೇಲೆ, ನಮ್ಮ ಪ್ರಿನ್ಸಿಪಾಲರಿಗೆ ಬರೆದ ಪತ್ರ ಟೈಪಾಗಿ ಸಹಿಗೆ ಕಾದಿತ್ತು. ತಲೆಕೆಳಗಾಗಿಯೇ ನನ್ನ ಹೆಸರು ಓದಲು ಸಿಕ್ಕಿತು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಹಿಡಿದು ತೋರಿಸಲು ಒಂದು ಖಾಲಿ ಚಿಪ್ಪು ತೆಗೆದುಕೊಂಡು ಹೋಗಿದ್ದೆ. ಅವರು ಅದನ್ನು ತೆಗೆದುಕೊಂಡು ಮೊದಲು ತಮ್ಮ ರೀತಿ ಹಿಡಿದರು. ಆಮೇಲೆ ನನ್ನ ರೀತಿ ಹಿಡಿದರು.

“ಹಳೆಯ ಫ್ರೆಂಚ್ ಪುಸ್ತಕಗಳಲ್ಲಿ ಚಿಪ್ಪನ್ನು ಹೀಗೇ ತುದಿ ಕೆಳಗಾಗಿ ಬರೆಯುತ್ತಿದ್ದರು,” ಎಂದರು. ಅದು ಸಮಾಧಾನವೋ ಸುಮ್ಮನೆ ಮಾಹಿತಿಯೋ ನನಗೆ ತಿಳಿಯಲಿಲ್ಲ. “ಸಹಾಯಕನಿಗೆ ಏನೂ ಸೂಚನೆ ಕೊಡದೆ ಕೇಳಿಸಿದಿರಾ?”

“ಹೌದು.”

“ಒಳ್ಳೆಯದು.” ಪತ್ರವನ್ನು ಎತ್ತಿ ಮೇಜಿನ ಖಾನೆಯಲ್ಲಿಟ್ಟರು. “ಇದನ್ನು ನಾನು ಕಳಿಸಲಾಗುವುದಿಲ್ಲ. ಎರಡೂ ಒಂದೇ ಎನ್ನುವುದು ಕೂಡ ಫಲಿತಾಂಶವೇ. ಆದರೆ ಅದಕ್ಕೆ ಯಾರೂ ಒಂದು ವರ್ಷ ಕೊಡುವುದಿಲ್ಲ.”

“ಗೊತ್ತು.”

“ಶುಕ್ರವಾರದ್ದು ರದ್ದು ಮಾಡಲೇ?”

ಬೇಡ ಎಂದೆ. ಕೋಣೆಯಿಂದ ಹೊರಗೆ ಬಂದ ಮೇಲೆ, ಓಣಿಯ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ. ಅಳು ಬರುತ್ತದೆಂದುಕೊಂಡಿದ್ದೆ. ಬರಲಿಲ್ಲ. ಕೆಳಗೆ ಒಬ್ಬ ಹೆಂಗಸು ಸೈಕಲ್ಲಿನ ಹಿಂದೆ ಒಂದು ಕುರ್ಚಿ ಕಟ್ಟಿಕೊಂಡು ಹೋಗುತ್ತಿದ್ದಳು.

ಶುಕ್ರವಾರ

ಇಪ್ಪತ್ತು ಜನ ಇದ್ದರು. ನಾನು ಚಿತ್ರ ತೋರಿಸುವ ಮೊದಲೇ ತಪ್ಪನ್ನು ಹೇಳಿದೆ. ಕಪ್ಪುಹಲಗೆಯ ಮೇಲೆ ನನಗೆ ಎದುರಾದ ಹುಳು ಒಂದು, ಅವರ ಕ್ರಮದಲ್ಲಿ ಬೆನ್ನು ಮೇಲಾಗಿ, ತಲೆ ಆಚೆಗಾಗಿ ಇಟ್ಟ ಹುಳು ಒಂದು ಬರೆದು, ಎರಡಕ್ಕೂ ಬಲಗಡೆ ಗುರುತು ಮಾಡಿದೆ. ನಾವು ಇದನ್ನು ಶಂಖದ ಹುಳ ಎಂದು ಕರೆಯುತ್ತೇವೆ, ಅದಕ್ಕೇ ನನ್ನ ಕೈ ಅದನ್ನು ಶಂಖದ ಹಾಗೆ ಹಿಡಿಯಿತು ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಹಿಂದಿನ ಸಾಲಿನಿಂದ ಒಬ್ಬ ತರುಣ ಸಂಶೋಧಕ ಕೇಳಿದ: “ಹಾಗಾದರೆ ನಿಮಗೆ ಸಿಕ್ಕಿದ್ದೇನು?”

ಆ ಜನ ಹೀಗೆಯೇ ಕೇಳುತ್ತಾರೆ, ಮನಸ್ಸಿನಲ್ಲಿ ಏನೋ ಇಟ್ಟುಕೊಂಡು ಅಲ್ಲ. “ಎರಡು ಹುಳುಗಳಲ್ಲಿ ಈ ವಿಷಯದಲ್ಲಿ ಭೇದವಿಲ್ಲ ಎಂದು ಸಿಕ್ಕಿತು,” ಎಂದೆ. ಅವನು ಅದನ್ನು ಬರೆದುಕೊಂಡ.

ಅಂದೇ ಮಧ್ಯಾಹ್ನ ವಿಲ್ಲೆಮ್ ಒಂದು ಕಟ್ಟು ಹೊಸ ಚೀಟಿ ತಂದ. ಹಳೆಯದನ್ನು ಕೀಳುವ ಹಾಗಿಲ್ಲ, ಅದು ಅಲ್ಲಿನ ಕಟ್ಟಳೆ. ತಪ್ಪಿದ್ದರೂ ಅದು ಇರಬೇಕು, ಸರಿಯಾದದ್ದು ಅದರ ಕೆಳಗೆ ಬರಬೇಕು. ಎಂಬತ್ತು ಸೀಸೆಗೂ ಇಬ್ಬರೂ ಕೂತು ಅಂಟಿಸಿದೆವು. ‘ಎ’ಯ ಕೆಳಗೆ ಬಲ, ‘ಬ’ದ ಕೆಳಗೆ ಎಡ. ಮೂವತ್ತನೆಯದರ ಹೊತ್ತಿಗೆ ಅವನು ನಮ್ಮ ಎರಡು ಅಕ್ಷರ ಬರೆಯಲು ಕಲಿತಿದ್ದ. ‘ಬ’ ಚೆನ್ನಾಗಿ ಬರುತ್ತಿತ್ತು. ‘ಎ’ ಮಾತ್ರ ಪ್ರತಿ ಸಲವೂ ಬಸವನಹುಳುವಿನ ಹಾಗೆ ಬರುತ್ತಿತ್ತು.

ಉಳಿದ ವಾರಗಳು

ಪ್ರಿನ್ಸಿಪಾಲರಿಗೆ ಎರಡು ಸಾಲು ಬರೆದೆ: ಹೊಸದೇನೂ ಸಿಗಲಿಲ್ಲ, ಜುಲೈಗೆ ಬರುತ್ತೇನೆ. ಶ್ರೀಕಂಠರಿಗೆ ಎಂಟು ಪುಟ ಬರೆದೆ. ಅವರ ಉತ್ತರದಲ್ಲಿ ಈ ವಿಷಯಕ್ಕೆ ಎರಡೇ ಸಾಲಿತ್ತು. “ಮರಿಯಪ್ಪ ಬೇಜಾರ್ ಮಾಡ್ಕೊಂಡಿದಾನೆ, ನಾನ್ ಸುಳ್ಳು ಹೇಳಿದ್ರೆ ಮೇಡಂಗೆ ಒಳ್ಳೇದಾಗ್ತಿತ್ತಾ ಸಾರ್ ಅಂತ ಕೇಳ್ದ. ಇಲ್ಲ ಅಂದೆ.”

ಹತ್ತು ವಾರ ಉಳಿದಿತ್ತು. ಈ ವಾರಗಳ ಬಗ್ಗೆ ಹೇಳಲು ಹೆಚ್ಚಿಲ್ಲ, ಅವು ಚೆನ್ನಾಗಿದ್ದವು ಎನ್ನುವುದನ್ನು ಬಿಟ್ಟು. ವಸಂತ ಬಂದು ಕಾಲುವೆಗಳಲ್ಲಿ ಬಾತುಮರಿಗಳು ತೇಲತೊಡಗಿದವು. ಪ್ರತಿ ಬೆಳಿಗ್ಗೆ ಹುಳುವನ್ನು ಬೆನ್ನು ಮೇಲಾಗಿ ಇಟ್ಟು, ಅದು ನೋಡುವ ಕಡೆಗೇ ನಾನೂ ನೋಡುತ್ತ ಕೆಲಸ ಮಾಡಿದೆ. ಯಾವ ಸೆಮಿನಾರೂ ಇರಲಿಲ್ಲ, ಯಾರೂ ಕಾಯುತ್ತಿರಲಿಲ್ಲ. ಉಳಿದ ಇಪ್ಪತ್ತೆಂಟು ಕೆಂಗೇರಿಯ ಹುಳುಗಳನ್ನೂ ಕೊಯ್ದು ಬಣ್ಣ ಹಾಕಿ ಮುಗಿಸಿದೆ. ಅಷ್ಟರಲ್ಲೂ ಬಲಗಡೆಯೇ ದೊಡ್ಡ ಗುಂಪು. ಹಿಂದೆ ಆತುರದಲ್ಲಿ ಕಲಿತಿದ್ದನ್ನೆಲ್ಲ ಮತ್ತೆ ನಿಧಾನವಾಗಿ ಕಲಿತೆ. ನಮ್ಮ ಕಾಲೇಜಿನ ಪುಟ್ಟ ಯಂತ್ರದಲ್ಲೇ ಮಾಡಬಹುದಾದ ಒಂದು ವಿಧಾನವನ್ನು ವಿಲ್ಲೆಮ್ ಯೋಚಿಸಿ ಬರೆದುಕೊಟ್ಟ.

ಹೊರಡುವ ಹಿಂದಿನ ದಿನ ಅವನ ಮುಂದೆ ಎರಡು ಸೂಕ್ಷ್ಮದರ್ಶಕಗಳನ್ನು ಅಕ್ಕಪಕ್ಕ ಇಟ್ಟೆ. ಒಂದರಲ್ಲಿ ಕಟ್ಟಡದ ಹಿಂದಿನ ಕಾಲುವೆಯ ಹುಳು, ಇನ್ನೊಂದರಲ್ಲಿ ಕೆಂಗೇರಿಯದು. ಗಾಜಿನ ಪಟ್ಟಿಯ ಅಂಚಿನಲ್ಲಿದ್ದ ಹೆಸರುಗಳನ್ನು ಕಾಗದದಿಂದ ಮುಚ್ಚಿ, ನನಗೂ ಗೊತ್ತಾಗದಂತೆ ಅದಲುಬದಲು ಮಾಡಿ ಇಟ್ಟಿದ್ದೆ. ಯಾವುದು ಯಾವುದು ಹೇಳು ಎಂದೆ.

ಅವನು ಕನ್ನಡಕ ತೆಗೆದಿಟ್ಟು ಎರಡನ್ನೂ ಮೂರು ಮೂರು ಸಲ ನೋಡಿದ. ಮೂವತ್ತು ವರ್ಷ ಇದೇ ಕೋಶಗಳನ್ನು ನೋಡಿದವನು ಅವನು.

“ಇದು ನಮ್ಮದು,” ಎಂದ, ಎಡಗಡೆಯದನ್ನು ತಟ್ಟಿ. “ಈ ಅಂಚು ನೋಡು, ಈ ಹೊಳಪು. ನಮ್ಮ ತಣ್ಣೀರಿನಲ್ಲೇ ಹೀಗಾಗುವುದು. ಇದನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ.”

ನಾನೂ ಬಗ್ಗಿ ನೋಡಿದೆ. ನನಗೂ ಹಾಗೆಯೇ ಅನ್ನಿಸಿತು. ಎಡಗಡೆಯದರ ಕಾಗದ ಸರಿಸಿದೆವು. ಆ ಎರಡು ಅಕ್ಷರ ಬಿಟ್ಟರೆ ಕನ್ನಡ ಅವನಿಗೆ ಓದಲು ಬರುತ್ತಿರಲಿಲ್ಲ, ಓದಿ ಹೇಳು ಎಂದು ಕಾಯುತ್ತಿದ್ದ.

“ಕೆಂಗೇರಿ,” ಎಂದೆ.